ಗಾಯಗೊಂಡ ಸೈನಿಕರಿಗೆ ಆಟವೂ ಚಿಕಿತ್ಸೆಯೇ

(ಫಿಸಿಯೋಥೆರಪಿ ಓದುತ್ತಿರುವ ಮಕ್ಕಳು, ಮಾಜಿ ಸೈನಿಕರು ಮತ್ತು ಅವರ ಮನೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿ ಹಾಗೇ ಇರಲಿ ಅಂತ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ನೇರವಾಗಿ ವಿಷಯಕ್ಕೆ ಬರುತ್ತೇನೆ.

1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಪ್ಯಾರಾಲಿಂಪಿಕ್ಸ್ ನಡೆಯಿತು. ಅಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜನ್ನು 37.33 ಸೆಕೆಂಡಿನಲ್ಲಿ ಮುಗಿಸಿ, ವಿಶ್ವದಾಖಲೆ ಮಾಡಿ, ಚಿನ್ನ ಗೆದ್ದವರು ನಮ್ಮ ಸೇನೆಯ ಮುರಳೀಕಾಂತ ಪೇಟ್ಕರ್. ನಮ್ಮ ಬೆಳಗಾವಿಯ ಆಚೆಗೇ ಇರುವ ಸಾಂಗ್ಲಿ ಕಡೆಯವರು. ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ಬಂದದ್ದು 2008ರಲ್ಲಿ, ಅಭಿನವ್ ಬಿಂದ್ರಾ ಅವರಿಂದ. ಅದಕ್ಕೂ 36 ವರ್ಷ ಮೊದಲೇ ಪೇಟ್ಕರ್ ಪ್ಯಾರಾಲಿಂಪಿಕ್ಸ್‌ನಲ್ಲಿ ಗೆದ್ದು ಬಂದಿದ್ದರು. ಪದ್ಮಶ್ರೀ ಸಿಕ್ಕಿದ್ದು 2018ರಲ್ಲಿ. ಇಷ್ಟು ವರ್ಷ ನಾವು ಅವರನ್ನು ಮರೆತೇ ಇದ್ದೆವಲ್ಲ ಅಂತ ನನಗೆ ಈಗಲೂ ಬೇಜಾರಾಗುತ್ತದೆ.

ಚಿನ್ನದ ವಿಷಯ ಈಗ ತುಂಬ ಜನಕ್ಕೆ ಗೊತ್ತು. ಇವತ್ತು ಅದಕ್ಕೂ ಏಳು ವರ್ಷ ಹಿಂದೆ ಆಗಿದ್ದನ್ನು ನೋಡೋಣ. ಪೇಟ್ಕರ್ ಸೇನೆಯ ಯಂತ್ರೋಪಕರಣ ನೋಡಿಕೊಳ್ಳುವ ಇಎಂಇ ವಿಭಾಗದಲ್ಲಿ ಸೈನಿಕರು, ಜೊತೆಗೆ ಬಾಕ್ಸರ್. 1965ರ ಯುದ್ಧದಲ್ಲಿ ಸಿಯಾಲ್‌ಕೋಟ್ ಸೆಕ್ಟರ್‌ನಲ್ಲಿ ಗುಂಡುಗಳು ಬಿದ್ದವು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಮುಂಬೈನ ನೌಕಾಪಡೆಯ ಅಶ್ವಿನಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಆಯಿತು. ಅಲ್ಲಿ ಅವರನ್ನು ನೀರಿಗೆ ಇಳಿಸಿದ್ದು ಯಾವ ಪದಕದ ಆಸೆಯಿಂದಲೂ ಅಲ್ಲ, ವ್ಯಾಯಾಮಕ್ಕೆ ಅಂತ. 1968ರಲ್ಲಿ ಟೆಲ್ ಅವೀವ್‌ನ ಪ್ಯಾರಾಲಿಂಪಿಕ್ಸ್‌ಗೆ ಹೋದಾಗ ಅವರು ಆಡಿದ್ದು ಟೇಬಲ್ ಟೆನಿಸ್. ಈಜಿನ ಚಿನ್ನ ಬಂದದ್ದು ಆಮೇಲೆ.

ಅಂದರೆ ಮೊದಲು ಚಿಕಿತ್ಸೆ, ಆಮೇಲೆ ಆಟ, ಕೊನೆಗೆ ಮೆಡಲ್. ನಮ್ಮಲ್ಲಿ ಇದು ಪೂರ್ತಿ ತಿರುವುಮುರುವಾಗಿದೆ. ಮೆಡಲ್ ಬಂದ ದಿನ ಟಿವಿಯಲ್ಲಿ ತೋರಿಸುತ್ತಾರೆ, ನಾವೂ ಚಪ್ಪಾಳೆ ತಟ್ಟುತ್ತೇವೆ. ಆಸ್ಪತ್ರೆಯಲ್ಲಿ ಮಲಗಿರುವ ಹುಡುಗನ ಕೈಗೆ ಯಾರೂ ಚೆಂಡು ಕೊಡುವುದಿಲ್ಲ. ಆ ಚೆಂಡು ವಾರ್ಡಿಗೇ ಬರಬೇಕು. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇಷ್ಟೇ.

ಇದನ್ನು ಮೊದಲು ಹಟ ಹಿಡಿದು ಮಾಡಿ ತೋರಿಸಿದವರು ಲುಡ್ವಿಗ್ ಗುಟ್‌ಮನ್. ಜರ್ಮನಿಯ ಯಹೂದಿ ನರರೋಗ ವೈದ್ಯರು. ನಾಜಿಗಳ ಕಾಟ ತಾಳಲಾರದೆ 1939ರಲ್ಲಿ ಹೆಂಡತಿ ಮಕ್ಕಳೊಂದಿಗೆ ಇಂಗ್ಲೆಂಡಿಗೆ ಬಂದರು. ಅಲ್ಲಿನ ಸರ್ಕಾರ 1944ರ ಫೆಬ್ರವರಿಯಲ್ಲಿ ಸ್ಟೋಕ್ ಮ್ಯಾಂಡವಿಲ್ ಅನ್ನುವ ಕಡೆ ಬೆನ್ನುಹುರಿ ಗಾಯಾಳುಗಳಿಗೆ ಒಂದು ವಿಭಾಗ ತೆರೆದು ಅವರ ಕೈಗೆ ಕೊಟ್ಟಿತು. ಯುದ್ಧದಿಂದ ಬರುವ ಹುಡುಗರಿಗೆ ಅಂತಲೇ ಮಾಡಿದ್ದು.

ಆಗಿನ ಪರಿಸ್ಥಿತಿ ಹೇಗಿತ್ತು ಅಂತ ಸ್ವಲ್ಪ ಯೋಚಿಸಿ. ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿ ತುಂಡಾದವರಲ್ಲಿ ಹೆಚ್ಚಿನವರು ಬದುಕಿ ಉಳಿಯಲಿಲ್ಲ. ಅವರ ಪ್ರಾಣ ತೆಗೆದದ್ದು ಗುಂಡಲ್ಲ. ಬೆಡ್‌ಸೋರ್ ಮತ್ತು ಮೂತ್ರದ ಸೋಂಕು. ಸ್ಪರ್ಶ ಗೊತ್ತಾಗದ ಮೈ ಒಂದೇ ಮಗ್ಗುಲಲ್ಲಿ ಬಿದ್ದಿರುತ್ತದೆ, ರಕ್ತ ಓಡಾಡುವುದಿಲ್ಲ, ಚರ್ಮ ಸಾಯುತ್ತದೆ, ಹುಣ್ಣು ಮೂಳೆವರೆಗೂ ಇಳಿಯುತ್ತದೆ. ಇವರು ಹೇಗೂ ಉಳಿಯುವುದಿಲ್ಲ ಅಂತ ವೈದ್ಯರೇ ಕೈಬಿಡುತ್ತಿದ್ದರು. ಗುಟ್‌ಮನ್ ಕೈಬಿಡಲಿಲ್ಲ. ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಪ್ರತಿಯೊಬ್ಬರ ಮಗ್ಗುಲು ಬದಲಿಸಬೇಕು ಅಂತ ಕಟ್ಟುನಿಟ್ಟು ಮಾಡಿದರು. ಸರಿಯಾಗಿ ಆಗುತ್ತಿದೆಯಾ ಅಂತ ರಾತ್ರಿ ಹೊತ್ತು ತಾವೇ ಬಂದು ನೋಡುತ್ತಿದ್ದರು.

ಹುಡುಗರು ಬದುಕಿಕೊಂಡರು. ಸರಿ, ಮುಂದೇನು? ಇಪ್ಪತ್ತು ಇಪ್ಪತ್ತೈದರ ವಯಸ್ಸು, ಎದ್ದು ನಡೆಯುವಂತಿಲ್ಲ, ದಿನ ಹೋಗುವುದಿಲ್ಲ. ಅಲ್ಲಿನ ಅಂಗಳದಲ್ಲಿ ಕೆಲವರು ವೀಲ್‌ಚೇರ್‌ನಲ್ಲಿ ಕೂತು, ಊರುಗೋಲನ್ನು ತಲೆಕೆಳಗೆ ಹಿಡಿದು, ಬಿಲ್ಲೆಯೊಂದನ್ನು ಹೊಡೆದಾಡುತ್ತಿದ್ದರಂತೆ. ಗುಟ್‌ಮನ್ ಅದನ್ನು ಕಂಡರು. ಬೈದು ಒಳಗೆ ಕಳಿಸಲಿಲ್ಲ, ಅದನ್ನೇ ಪೋಲೋ ಆಟ ಮಾಡಿಸಿದರು. ಅದರಲ್ಲಿ ಪೆಟ್ಟು ಜಾಸ್ತಿ ಆಯಿತು ಅಂತ ಆಮೇಲೆ ಚೆಂಡಾಟಕ್ಕೆ ಬದಲಿಸಿದರು. 1948ರ ಜುಲೈ 29, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯ ದಿನ, ಇತ್ತ ಆಸ್ಪತ್ರೆಯ ಹುಲ್ಲಿನ ಮೇಲೆ 16 ಜನ ಗಾಯಾಳುಗಳಿಂದ ಬಿಲ್ಲುಗಾರಿಕೆ ಸ್ಪರ್ಧೆ ನಡೆಯಿತು. ಅವರಲ್ಲಿ ಇಬ್ಬರು ಹೆಂಗಸರು. 1952ರಲ್ಲಿ ನೆದರ್‌ಲೆಂಡ್ಸ್‌ನ ಮಾಜಿ ಸೈನಿಕರೂ ಬಂದು ಸೇರಿದರು. 1960ರಲ್ಲಿ ರೋಮ್‌ಗೆ 23 ದೇಶಗಳಿಂದ ಸುಮಾರು 400 ಜನ ಹೋದರು. ನಾವು ಇವತ್ತು ಪ್ಯಾರಾಲಿಂಪಿಕ್ಸ್ ಅನ್ನುವುದು ಇದನ್ನೇ. ಅಷ್ಟು ದೊಡ್ಡ ಹಬ್ಬ ಹುಟ್ಟಿದ್ದು ಸೈನಿಕರ ವಾರ್ಡಿನಲ್ಲಿ, ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಬಿಲ್ಲುಗಾರಿಕೆಯೇ ಯಾಕೆ? ಇಲ್ಲಿ ವಿದ್ಯಾರ್ಥಿಗಳು ಇದ್ದೀರಿ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎದೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗೆ ಕಾಲು ಮಾತ್ರ ಹೋಗಿರುವುದಿಲ್ಲ. ಹೊಟ್ಟೆಯ ಸ್ನಾಯುಗಳು, ಬೆನ್ನಿನ ಕೆಳಭಾಗದ ಸ್ನಾಯುಗಳೂ ಮಾತು ಕೇಳುವುದಿಲ್ಲ. ಸುಮ್ನೆ ಕೂರುವುದೇ ಅವರಿಗೆ ಹೊಸದಾಗಿ ಕಲಿಯಬೇಕಾದ ವಿದ್ಯೆ. ಮ್ಯಾಟಿನ ಅಂಚಿನಲ್ಲಿ ಕೂರಿಸಿ, ಎರಡು ಕೈಯನ್ನೂ ಎತ್ತಪ್ಪಾ ಅಂದರೆ ದೊಪ್ಪನೆ ಪಕ್ಕಕ್ಕೆ ವಾಲುತ್ತಾರೆ. ಈಗ ಒಂದು ಚೆಂಡು ತಗೊಂಡು ಎದುರಿಂದ ಮೆಲ್ಲಗೆ ಎಸೆಯಿರಿ. ಹಿಡಿಯಬೇಕಾದರೆ ಊರಿದ ಕೈಯನ್ನು ಬಿಡಬೇಕು. ಬಿಟ್ಟರೆ ಬೀಳುತ್ತಾರೆ. ಬೀಳದಂತೆ ತಲೆಯನ್ನೂ ಹೆಗಲನ್ನೂ ಇನ್ನೊಂದು ಕಡೆಗೆ ತಂದು ತೂಗಬೇಕು. ಮೊದಮೊದಲು ಮುಖದಲ್ಲಿ ಗಾಬರಿ ಕಾಣುತ್ತದೆ. ಕೆಲವು ದಿನ ಕಳೆದ ಮೇಲೆ ನೋಡಿ, ಕಣ್ಣು ಚೆಂಡಿನ ಮೇಲೇ ಇರುತ್ತದೆ, ಮೈ ತನ್ನಷ್ಟಕ್ಕೆ ತೂಗಿಕೊಳ್ಳುತ್ತಾ ಇರುತ್ತದೆ. ಬಿಲ್ಲು ಎಳೆಯುವಾಗಲೂ ಇದೇ ಕೆಲಸ, ಜೊತೆಗೆ ಹೆಗಲು ಮತ್ತು ಬೆನ್ನಿನ ಮೇಲ್ಭಾಗಕ್ಕೆ ಬಲ.

ಇದೇ ವ್ಯಾಯಾಮವನ್ನು ನಾವು ಕೋಣೆಯಲ್ಲಿ ಎಣಿಸಿ ಎಣಿಸಿ ಮಾಡಿಸಬಹುದು. ಮಾಡಿಸುತ್ತೇವೆ ಕೂಡ. ಹತ್ತು ಸಲ ಮಾಡಿದ ಮೇಲೆ ಹುಡುಗ ಗಡಿಯಾರ ನೋಡುತ್ತಾನೆ. ವೀಲ್‌ಚೇರ್ ಬಾಸ್ಕೆಟ್‌ಬಾಲ್‌ನಲ್ಲಿ ಅದನ್ನೇ ಲೆಕ್ಕವಿಲ್ಲದಷ್ಟು ಸಲ ಮಾಡಿರುತ್ತಾನೆ, ಅದು ವ್ಯಾಯಾಮ ಅಂತ ಅವನಿಗೆ ಅನ್ನಿಸಿಯೇ ಇರುವುದಿಲ್ಲ. ಬೆವರು ಸುರಿಸಿಕೊಂಡು ಬಂದು, ಆ ಫೌಲ್ ಕೊಟ್ಟಿದ್ದು ತಪ್ಪು ಅಂತ ಜಗಳ ಆಡುತ್ತಾನೆ. ಆ ಜಗಳ ಕೇಳಿದಾಗ ನನಗೆ ಆಗುವ ಸಮಾಧಾನ ಯಾವ ರಿಪೋರ್ಟ್ ನೋಡಿದರೂ ಆಗುವುದಿಲ್ಲ.

ಹೆಗಲಿಗೆ, ತೋಳಿಗೆ ಬಲ ಬಂದರೆ ಏನಾಗುತ್ತದೆ ಅಂತ ಮನೆಯವರು ಕೇಳಬಹುದು. ಹಾಸಿಗೆಯಿಂದ ವೀಲ್‌ಚೇರ್‌ಗೆ, ವೀಲ್‌ಚೇರ್‌ನಿಂದ ಕಮೋಡಿಗೆ, ಅಲ್ಲಿಂದ ಕಾರಿಗೆ ಅವನೇ ದಾಟಿಕೊಳ್ಳುತ್ತಾನೆ. ಆಗಾಗ ಎರಡು ಕೈ ಊರಿ ಮೈಯನ್ನು ಕುರ್ಚಿಯಿಂದ ಎತ್ತಿ ಹಿಡಿದರೆ ಬೆಡ್‌ಸೋರ್ ಆಗುವ ಭಯ ಕಡಿಮೆಯಾಗುತ್ತದೆ. ಇನ್ನೊಬ್ಬರನ್ನು ಕೂಗದೆ ಟಾಯ್ಲೆಟ್‌ಗೆ ಹೋಗಿ ಬರುವುದು ಎಷ್ಟು ದೊಡ್ಡ ವಿಷಯ ಅಂತ, ಅದನ್ನು ಕಳೆದುಕೊಂಡವರಿಗೇ ಗೊತ್ತು. ಮೂವತ್ತು ವರ್ಷದ ಗಂಡಸು ಅಮ್ಮನನ್ನೋ ಹೆಂಡತಿಯನ್ನೋ ಅದಕ್ಕೆ ಕರೆಯಬೇಕಾಗಿ ಬಂದಾಗ ಅವನ ಮುಖ ನೋಡಿ. ಅದಕ್ಕೇ ಹೇಳುವುದು, ಮೆಡಲ್ ಬಂದರೆ ಸಂತೋಷ, ಬರದಿದ್ದರೆ ಬಿಡಿ, ನಾವು ಅಳೆಯಬೇಕಾದದ್ದು ಇದನ್ನು.

ಈಗ ಕಾಲು ಕಳೆದುಕೊಂಡವರ ವಿಷಯ. ಹವಾಲ್ದಾರ್ ಹೊಕಾಟೊ ಹೊಟೊಝೆ ಸೆಮಾ ಅವರ ಹೆಸರು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ನೋಡಿದವರಿಗೆ ನೆನಪಿರಬಹುದು. ನಾಗಾಲ್ಯಾಂಡಿನವರು, ಅಸ್ಸಾಂ ರೆಜಿಮೆಂಟ್. 2002ರಲ್ಲಿ ಜಮ್ಮು ಕಾಶ್ಮೀರದ ಚೌಕಿಬಲ್‌ನಲ್ಲಿ ನೆಲಬಾಂಬ್ ಸಿಡಿದು ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಅವರು ಗುಂಡು ಎಸೆತ (ಶಾಟ್‌ಪುಟ್) ಶುರು ಮಾಡಿದ್ದು ಯಾವಾಗ ಗೊತ್ತಾ? 2016ರಲ್ಲಿ, 32ರ ವಯಸ್ಸಿನಲ್ಲಿ. ಪುಣೆಯ ಕೃತಕ ಅಂಗ ಕೇಂದ್ರದಲ್ಲಿ ಸೇನಾಧಿಕಾರಿಯೊಬ್ಬರು ಅವರ ಮೈಕಟ್ಟು ನೋಡಿ, ನೀವು ಯಾಕೆ ಆಟಕ್ಕೆ ಬರಬಾರದು ಅಂತ ಒತ್ತಾಯಿಸಿದರು. ಪ್ಯಾರಿಸ್‌ನಲ್ಲಿ ಕೂತು ಎಸೆಯುವವರ ಎಫ್57 ವಿಭಾಗದಲ್ಲಿ 14.65 ಮೀಟರ್ ಎಸೆದು ಕಂಚು ಗೆದ್ದರು. ಅದೇ ಸ್ಪರ್ಧೆಯಲ್ಲಿ ಇನ್ನೊಬ್ಬ ಸೈನಿಕ, ಸೋಮನ್ ರಾಣಾ ಐದನೆಯವರಾದರು. ಅವರದ್ದೂ ನೆಲಬಾಂಬಿನ ಗಾಯ, 2006ರದ್ದು.

ಗಾಯ ಆದದ್ದು 2002, ಗುಂಡು ಹಿಡಿದದ್ದು 2016. ನಡುವೆ 14 ವರ್ಷ. ಆ ಮಾತನ್ನು ಯಾರಾದರೂ 2003ರಲ್ಲೇ ಆಡಿದ್ದರೆ ಏನಾಗುತ್ತಿತ್ತು? ಯಾರನ್ನೂ ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಈಗ ಪುಣೆಯ ಖಡ್ಕಿಯಲ್ಲಿ ಸೇನೆಯದೇ ಪ್ಯಾರಾಲಿಂಪಿಕ್ ತರಬೇತಿ ಕೇಂದ್ರ ಇದೆ, ತುಂಬ ಒಳ್ಳೆಯ ಕೆಲಸ ಆಗುತ್ತಿದೆ. ಆದರೆ ಆಟಕ್ಕೆ ಕರೆಯುವ ಮಾತು ಅದೃಷ್ಟಕ್ಕೆ ಸಿಗುವಂಥದ್ದು ಆಗಬಾರದು. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆ ಬರೆದ ಹಾಗೆ ಅದನ್ನೂ ಬರೆದು ಕೊಡಬೇಕು.

ಕೂತು ಗುಂಡು ಎಸೆಯುವುದನ್ನು ಹತ್ತಿರದಿಂದ ನೋಡದವರಿಗೆ ಒಂದು ಮಾತು. ಕಬ್ಬಿಣದ ಎತ್ತರದ ಸ್ಟೂಲಿನಂಥದ್ದು ಇರುತ್ತದೆ, ಮೆತ್ತೆ ಸೇರಿ 75 ಸೆಂಟಿಮೀಟರ್ ಮೀರುವಂತಿಲ್ಲ. ಅದನ್ನು ನೆಲಕ್ಕೆ ಬಿಗಿಯಾಗಿ ಕಟ್ಟಿರುತ್ತಾರೆ. ಆಟಗಾರ ಅದರ ಮೇಲೆ ಕೂತು, ತೊಡೆಗಳನ್ನು ಬೆಲ್ಟಿನಿಂದ ಬಿಗಿಸಿಕೊಳ್ಳುತ್ತಾನೆ. ಎಸೆದು ಮುಗಿಯುವವರೆಗೆ ಪೃಷ್ಠ ಸೀಟಿನಿಂದ ಮೇಲೇಳಬಾರದು. ಕಾಲಿನಿಂದ ಬರುವ ತಳ್ಳು ಇಲ್ಲ, ಓಡಿ ಬರುವಂತಿಲ್ಲ. ನಾಲ್ಕು ಕಿಲೋ ಗುಂಡನ್ನು ಹಾರಿಸುವ ಬಲ ಪೂರ್ತಿ ಸೊಂಟದ ತಿರುವಿನಿಂದ, ಎದೆಯಿಂದ, ತೋಳಿನಿಂದ ಬರಬೇಕು. ನಿಂತು ಎಸೆಯುವ ಅಭ್ಯಾಸ ಇದ್ದವರನ್ನು ಒಮ್ಮೆ ಅದರ ಮೇಲೆ ಕೂರಿಸಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

ಕೃತಕ ಕಾಲು ಹಾಕಿಕೊಂಡು ನಡೆಯುವುದಕ್ಕೆ ನಮಗಿಂತ ಜಾಸ್ತಿ ಶಕ್ತಿ ಬೇಕು. ಮೊಣಕಾಲಿನ ಮೇಲೆ ಕತ್ತರಿಸಿದ್ದರಂತೂ ಇನ್ನೂ ಜಾಸ್ತಿ. ಕಾಲು ಹೋದ ಮನುಷ್ಯ ಮನೆಯಲ್ಲೇ ಕೂತರೆ ತೂಕ ಏರುತ್ತದೆ, ತೂಕ ಏರಿದರೆ ಸಾಕೆಟ್ (ಉಳಿದ ಕಾಲನ್ನು ತೂರಿಸುವ ಕೃತಕ ಕಾಲಿನ ಬಟ್ಟಲು) ಕೂರುವುದಿಲ್ಲ, ಸಾಕೆಟ್ ಕೂರದಿದ್ದರೆ ಉಜ್ಜಿ ಗಾಯ ಆಗುತ್ತದೆ, ಗಾಯ ಆದರೆ ಕಾಲನ್ನು ತೆಗೆದು ಮೂಲೆಗೆ ಇಡುತ್ತಾರೆ, ಆಮೇಲೆ ಇನ್ನೂ ಕೂತೇ ಬಿಡುತ್ತಾರೆ. ಇದನ್ನು ಎಲ್ಲಾದರೂ ಒಂದು ಕಡೆ ಮುರಿಯಬೇಕಲ್ವಾ? ಆಟ ಅದನ್ನು ಮುರಿಯುತ್ತದೆ.

ಮನಸ್ಸಿನ ವಿಷಯಕ್ಕೆ ಬರೋಣ. ಇಲ್ಲಿರುವ ಮಾಜಿ ಸೈನಿಕರು ನನಗಿಂತ ಚೆನ್ನಾಗಿ ಹೇಳಬಲ್ಲಿರಿ. ಬೆಳಿಗ್ಗೆ ಬೇಗ ಎದ್ದು ಪಿಟಿಗೆ ಹೋಗುತ್ತಿದ್ದವರು ನೀವು. ಪಕ್ಕದಲ್ಲಿ ಸೆಕ್ಷನ್ನಿನ ಹುಡುಗರು. ಏನು ಮಾಡಬೇಕು ಅಂತ ಸ್ಪಷ್ಟ, ಯಾರ ಮೇಲೆ ಯಾರ ಜವಾಬ್ದಾರಿ ಅಂತ ಸ್ಪಷ್ಟ. ಗಾಯ ಆದ ದಿನವೇ ಅದೆಲ್ಲ ನಿಂತುಹೋಗುತ್ತದೆ. ಮನೆಗೆ ಬಂದರೆ ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ: ನೀನು ಏನೂ ಮಾಡಬೇಡಪ್ಪಾ, ಸುಮ್ನೆ ಕೂತ್ಕೋ. ನೆಂಟರು ಬಂದು ಅಯ್ಯೋ ಪಾಪ ಅಂತ ಹೋಗುತ್ತಾರೆ. ದಿನಾ ಇದನ್ನು ಕೇಳುವ ಮನುಷ್ಯನಿಗೆ ಬೇಕಾಗಿರುವುದು ತಡವಾಗಿ ಬಂದರೆ ಬಯ್ಯುವ ಒಬ್ಬ ಕೋಚ್. ನೀನು ಬರದಿದ್ದರೆ ಟೀಮಿಗೆ ಒಬ್ಬರು ಕಡಿಮೆ ಅನ್ನುವ ನಾಲ್ಕು ಜನ. ತನಗಿಂತ ಐದು ವರ್ಷ ಮೊದಲು ಕಾಲು ಕಳೆದುಕೊಂಡು, ಈಗ ಕಾರು ಓಡಿಸಿಕೊಂಡು ಬರುವ ಸೀನಿಯರ್ ಒಬ್ಬ. ಆ ಸೀನಿಯರ್ ಹೇಳಿದ ಮಾತು ಒಳಗೆ ಇಳಿಯುವಷ್ಟು ನಾನು ಹೇಳಿದ್ದು ಇಳಿಯುವುದಿಲ್ಲ.

ಅಮೆರಿಕದ ನೌಕಾಪಡೆಯ ಬ್ರ್ಯಾಡ್ ಸ್ನೈಡರ್ ಬಾಂಬ್ ನಿಷ್ಕ್ರಿಯ ಮಾಡುವ ತಂಡದ ಅಧಿಕಾರಿ. 2011ರ ಸೆಪ್ಟೆಂಬರ್ 7ರಂದು ಅಫ್ಘಾನಿಸ್ತಾನದಲ್ಲಿ ಸ್ಫೋಟಕ್ಕೆ ಸಿಕ್ಕಿ ಎರಡೂ ಕಣ್ಣು ಹೋದವು. ಸರಿಯಾಗಿ ಒಂದು ವರ್ಷದ ನಂತರ, 2012ರ ಸೆಪ್ಟೆಂಬರ್ 7ರಂದು, ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 400 ಮೀಟರ್ ಫ್ರೀಸ್ಟೈಲ್ ಈಜಿ ಚಿನ್ನ ಗೆದ್ದರು. ಅಂಧರ ಈಜಿನಲ್ಲಿ ಎಲ್ಲರೂ ಪೂರ್ತಿ ಕಪ್ಪು ಬಳಿದ ಗಾಗಲ್ಸ್ ಹಾಕಬೇಕು, ಗೋಡೆ ಹತ್ತಿರ ಬಂದಾಗ ದಡದಲ್ಲಿ ನಿಂತವರು ತುದಿಯಲ್ಲಿ ಮೆತ್ತನೆಯ ಚೆಂಡಿರುವ ಕೋಲಿನಿಂದ ತಲೆಗೋ ಬೆನ್ನಿಗೋ ತಟ್ಟುತ್ತಾರೆ, ಆಗ ತಿರುಗಬೇಕು. ಸ್ನೈಡರ್ ಗಾಯಕ್ಕೆ ಮೊದಲೇ ಒಳ್ಳೆಯ ಈಜುಗಾರರು, ನೌಕಾ ಅಕಾಡೆಮಿಯ ತಂಡದಲ್ಲಿದ್ದವರು. ನನಗೆ ಇಲ್ಲಿ ಕಾಣುವುದು ಇದು. ಕಣ್ಣು ಹೋದ ಮೇಲೆ ಹೊಸ ಊರು, ಹೊಸ ಕೋಣೆ, ತಟ್ಟೆಯಲ್ಲಿ ಅನ್ನ ಎಲ್ಲಿದೆ ಅನ್ನುವುದೂ ಹೊಸದೇ. ಈಜುಕೊಳ ಮಾತ್ರ ಹಳೆಯದು. ಅಲ್ಲಿ ಕೈಗೆ ದಾರಿ ಗೊತ್ತಿತ್ತು. ಅದಕ್ಕೇ ಗಾಯಾಳು ಬಂದಾಗ ನಾನು ಮೊದಲು ಕೇಳುವುದು, ಮೊದಲು ಏನು ಆಡುತ್ತಿದ್ರಿ ಅಂತ. ಕಬಡ್ಡಿ ಅಂತಾರೆ, ವಾಲಿಬಾಲ್ ಅಂತಾರೆ. ವಾಲಿಬಾಲ್ ಆದರೆ ಕೂತು ಆಡುವ ವಾಲಿಬಾಲ್ ಇದೆ. ಗಂಡಸರ ಆಟದಲ್ಲಿ ನೆಟ್ಟಿನ ಎತ್ತರ 1.15 ಮೀಟರ್. ಅದಕ್ಕೆ ದುಬಾರಿ ಕುರ್ಚಿ ಕೂಡ ಬೇಡ, ನುಣುಪಾದ ನೆಲ, ಒಂದು ನೆಟ್ಟು, ಒಂದು ಚೆಂಡು ಸಾಕು. ಕಬಡ್ಡಿ ಅಂದವರನ್ನೂ ಅದಕ್ಕೇ ಎಳೆಯುತ್ತೇನೆ.

ಗಾಯಗೊಂಡ ಸೈನಿಕರಿಗೆ ಅಂತಲೇ ನಡೆಯುವ ಇನ್ವಿಕ್ಟಸ್ ಗೇಮ್ಸ್ ಬಗ್ಗೆ ಕೇಳಿರುತ್ತೀರಿ. ಅಮೆರಿಕದ ವಾರಿಯರ್ ಗೇಮ್ಸ್ ನೋಡಿ ಬ್ರಿಟನ್ನಿನ ರಾಜಕುಮಾರ ಹ್ಯಾರಿ 2014ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದ್ದು. ಅದರಲ್ಲಿ ನನಗೆ ಇಷ್ಟವಾದದ್ದು, ಆಟಗಾರರ ಮನೆಯವರನ್ನೂ ಕರೆಸುತ್ತಾರೆ. ಕೈಕಾಲು ಸರಿಯಿದ್ದು ಮನಸ್ಸಿಗೆ ಗಾಯ ಆದವರೂ ಆಡಬಹುದು.

ಆಟದಿಂದ ಎಲ್ಲ ವಾಸಿಯಾಗುತ್ತದೆ ಅಂತ ನಾನು ಹೇಳುವುದಿಲ್ಲ. ಕತ್ತಿನ ಮಟ್ಟದಲ್ಲಿ ಪೆಟ್ಟಾದವರಿಗೆ ಹೆಚ್ಚಿನ ಆಟಗಳು ಆಗುವುದಿಲ್ಲ. ವಾಯುಸೇನೆಯ ಫ್ಲೈಯಿಂಗ್ ಆಫೀಸರ್ ಎಂ.ಪಿ. ಅನಿಲ್ ಕುಮಾರ್ ಮಿಗ್-21 ಹಾರಿಸುತ್ತಿದ್ದವರು. 1988ರ ಬೈಕ್ ಅಪಘಾತದಲ್ಲಿ ಕತ್ತಿನ ಕೆಳಗೆ ಪೂರ್ತಿ ಸ್ವಾಧೀನ ಹೋಯಿತು. ಖಡ್ಕಿಯ ಪ್ಯಾರಾಪ್ಲೀಜಿಕ್ ಪುನರ್ವಸತಿ ಕೇಂದ್ರದಲ್ಲಿ ಇದ್ದುಕೊಂಡು, ಬಾಯಲ್ಲಿ ಪೆನ್ನು ಹಿಡಿದು ಬರೆಯುವುದನ್ನು ಕಲಿತು, 2014ರಲ್ಲಿ ತೀರಿಕೊಳ್ಳುವವರೆಗೂ ಬರೆಯುತ್ತಾ ಇದ್ದರು. ಅವರಿಗೆ ಆ ಜಾಗವನ್ನು ತುಂಬಿದ್ದು ಬರವಣಿಗೆ. ಆಟ ಇಷ್ಟ ಇಲ್ಲದವರನ್ನು ಆಟಕ್ಕೆ ನೂಕಬಾರದು. ನೀನೂ ಮೆಡಲ್ ತರಬೇಕು ಅಂತ ಹುಡುಗನ ತಲೆ ಮೇಲೆ ಕೂರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅಪಾಯಗಳೂ ಇವೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಪೆಟ್ಟಿನ ಕೆಳಗಿನ ಮೈ ಸರಿಯಾಗಿ ಬೆವರುವುದಿಲ್ಲ. ನಮ್ಮ ರಾಯಚೂರು ಕಲಬುರಗಿ ಬಿಸಿಲಲ್ಲಿ ಆಡಿಸಿದರೆ ಮೈ ಬಿಸಿಯೇರಿ ತಲೆ ಸುತ್ತಿ ಬೀಳುತ್ತಾರೆ, ಬೆಳಗ್ಗೆಯೋ ಸಂಜೆಯೋ ಆಡಿಸಬೇಕು, ಒದ್ದೆ ಟವೆಲ್ ಹತ್ತಿರ ಇರಬೇಕು. ಎದೆಯ ಮೇಲ್ಭಾಗದಲ್ಲಿ ಅಥವಾ ಕತ್ತಿನಲ್ಲಿ ಪೆಟ್ಟಾದವರಿಗೆ ಮೂತ್ರಕೋಶ ತುಂಬಿಕೊಂಡರೂ, ಕ್ಯಾಥೆಟರ್ (ಮೂತ್ರ ಹೋಗುವ ಕೊಳವೆ) ಮಡಚಿಕೊಂಡರೂ ಬಿಪಿ ಒಮ್ಮೆಲೇ ಏರಬಹುದು. ತಲೆ ಸಿಡಿಯುತ್ತಿದೆ ಅಂದರೆ ಆಟ ನಿಲ್ಲಿಸಿ, ನೆಟ್ಟಗೆ ಕೂರಿಸಿ, ಮೊದಲು ಕ್ಯಾಥೆಟರ್ ನೋಡಿ. ಇದು ಪ್ರಾಣಕ್ಕೇ ಬರುವ ವಿಷಯ, ವಿದ್ಯಾರ್ಥಿಗಳು ಬರೆದುಕೊಳ್ಳಿ. ಇನ್ನು ಹೆಗಲು. ವೀಲ್‌ಚೇರ್‌ನಲ್ಲಿ ಇರುವವರಿಗೆ ಹೆಗಲೇ ಕಾಲು. ಅದನ್ನು ಆಟದಲ್ಲಿ ಸವೆಸಿಬಿಟ್ಟರೆ ಆಮೇಲೆ ಏನೂ ಉಳಿಯುವುದಿಲ್ಲ. ಮುಂದಕ್ಕೆ ತಳ್ಳುವ ಕೆಲಸ ಎಷ್ಟಾಯಿತೋ ಹಿಂದಕ್ಕೆ ಎಳೆಯುವ ವ್ಯಾಯಾಮವೂ ಅಷ್ಟಾಗಬೇಕು.

ಇದೆಲ್ಲ ಸೈನಿಕರಿಗೆ ಮಾತ್ರವಾ ಅಂತ ಒಬ್ಬ ವಿದ್ಯಾರ್ಥಿ ಕೇಳಿದರು. ಖಂಡಿತ ಅಲ್ಲ. ಮಲೆನಾಡು, ಕರಾವಳಿ ಕಡೆ ಅಡಿಕೆ ಮರದಿಂದ ಬಿದ್ದು ಬೆನ್ನು ಮುರಿದುಕೊಂಡವರು ಎಷ್ಟು ಜನ! ಮರ ಹತ್ತುವವರ ತೋಳು, ಹೆಗಲು ಮೊದಲೇ ಉಕ್ಕು. ಅವರಿಗೆ ಪಿಂಚಣಿ ಇಲ್ಲ, ಸೇನಾ ಆಸ್ಪತ್ರೆ ಇಲ್ಲ, ಮನೆಯ ಹಿಂದಿನ ಕೋಣೆಯಲ್ಲಿ ಮಲಗಿರುತ್ತಾರೆ. ಬೆಳ್ತಂಗಡಿ ಕಡೆ ಸೌತಡ್ಕದಲ್ಲಿ ಬೆನ್ನುಹುರಿ ಗಾಯಾಳುಗಳ ಪುನರ್ವಸತಿಗೆ ಅಂತಲೇ ಸೇವಾಧಾಮ ಕೆಲಸ ಮಾಡುತ್ತಿದೆ. ಅಂಥವು ಜಿಲ್ಲೆಗೊಂದಾದರೂ ಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 30ನೇ ಸೆಕ್ಷನ್ ಕ್ರೀಡೆಯ ಬಗ್ಗೆಯೇ ಇದೆ. ಸರ್ಕಾರದ ಹತ್ತಿರ ಕೇಳುವಾಗ ಅದನ್ನು ಹಿಡಿದುಕೊಂಡು ಹೋಗಿ.

ನಿವೃತ್ತ ಸುಬೇದಾರ್ ಒಬ್ಬರು ತಮ್ಮ ಊರಿನ ಹುಡುಗನ ವಿಷಯ ಎತ್ತಿದರು. ಕಾಲು ಹೋಗಿದೆ, ಮನೆ ಬಿಟ್ಟು ಹೊರಗೇ ಬರುವುದಿಲ್ಲ, ಎಲ್ಲಿಂದ ಶುರು ಮಾಡಲಿ ಅಂತ. ಸರ್, ಮೊದಲು ನೀವೇ ಅವರ ಮನೆಗೆ ಹೋಗಿ. ಉಪದೇಶ ಬೇಡ, ಕೇರಂ ಬೋರ್ಡ್ ತಗೊಂಡು ಹೋಗಿ. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಅವನ ದಾಖಲೆ ಸರಿ ಇದೆಯಾ ನೋಡಿ. ಸಾಕೆಟ್ ಹಳೆಯದಾಗಿದ್ದರೆ ಬದಲಿಸಲೇಬೇಕು, ಅದರ ಬಗ್ಗೆ ಪುಣೆಯ ಕೃತಕ ಅಂಗ ಕೇಂದ್ರಕ್ಕೆ ಬರೆಸಿ. ಅಲ್ಲಿಗೆ ಹೋದಾಗ ಆಟದ ತರಬೇತಿಯ ಬಗ್ಗೆಯೂ ಬಾಯಿ ಬಿಟ್ಟು ಕೇಳಿ, ಕೇಳದೆ ಯಾರೂ ಹೇಳುವುದಿಲ್ಲ.

ಕೊನೆಯಲ್ಲಿ ಕೇಳಿದವರು ಒಬ್ಬ ತಾಯಿ. ಮಗ ವೀಲ್‌ಚೇರ್‌ನಲ್ಲಿ ಬಾಸ್ಕೆಟ್‌ಬಾಲ್ ಆಡ್ತೀನಿ ಅಂತಾನೆ, ಬಿದ್ದರೆ ಏನು ಗತಿ ಅಂತ ಅವರ ಭಯ. ಬೀಳ್ತಾನೆ ಅಮ್ಮಾ, ಅದನ್ನು ಮುಚ್ಚಿಡುವುದಿಲ್ಲ. ಅದಕ್ಕೇ ಮೊದಲು ಬೀಳುವುದನ್ನೇ ಕಲಿಸುತ್ತೇವೆ. ಮ್ಯಾಟ್ ಹಾಸಿ, ಗದ್ದವನ್ನು ಎದೆಗೆ ಒತ್ತಿಕೊಂಡು ತಲೆ ನೆಲಕ್ಕೆ ಬಡಿಯದಂತೆ ಹೇಗೆ ಬೀಳಬೇಕು, ಬಿದ್ದ ಮೇಲೆ ಕುರ್ಚಿ ಸಮೇತ ಹೇಗೆ ಏಳಬೇಕು ಅಂತ. ಆಟದ ಕುರ್ಚಿಯ ಗಾಲಿಗಳು ಓರೆಯಾಗಿ ಅಗಲಕ್ಕೆ ಇರುತ್ತವೆ, ಮನೆಯ ಕುರ್ಚಿಯಷ್ಟು ಬೇಗ ಮಗುಚುವುದಿಲ್ಲ. ನೀವು ಮಾಡಬೇಕಾದದ್ದು ಒಂದಿದೆ. ಆಡಿ ಬಂದ ದಿನ ರಾತ್ರಿ ಅವನ ಕೈಗೆ ಒಂದು ಕನ್ನಡಿ ಕೊಡಿ. ಬೆನ್ನಿನ ಕೆಳಗೆ, ಪೃಷ್ಠದ ಎರಡೂ ಕಡೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿದೆಯಾ, ಬಣ್ಣ ಬದಲಾಗಿದೆಯಾ ಅಂತ ಅವನೇ ನೋಡಿಕೊಳ್ಳಲಿ. ಆಗಿದ್ದರೆ ಅದು ಹೋಗುವವರೆಗೆ ಆ ಭಾಗದ ಮೇಲೆ ಭಾರ ಹಾಕಿ ಕೂರುವುದು ಬೇಡ. ಇಲ್ಲದಿದ್ದರೆ ಮಾರನೇ ದಿನ ಆಟಕ್ಕೆ ಕಳಿಸಿ.